ಪಟಾಕಿ ಪರವಾನಗಿಗೆ ಸಹಿ ಹಾಕುವ ಮೊದಲು: ಕೊಪ್ಪಳ ಜಿಲ್ಲಾಧಿಕಾರಿಗಳಿಗೆ, ಊರಿನ ಜನರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ನಮಸ್ಕಾರ.

ದೀಪಾವಳಿ ಹತ್ತಿರ ಬರುತ್ತಿದೆ. ತಾತ್ಕಾಲಿಕ ಪಟಾಕಿ ಅಂಗಡಿಗೆ ಪರವಾನಗಿ ಕೇಳಿ ಅರ್ಜಿಗಳು ನಿಮ್ಮ ಕಚೇರಿಗೆ ಬರುವ ಹೊತ್ತು ಇದು. ಅವುಗಳಿಗೆ ಸಹಿ ಹಾಕುವ ಮೊದಲು ಈ ಪತ್ರ ಓದಬೇಕು ಎಂದು ಕೇಳಿಕೊಳ್ಳುತ್ತೇನೆ. ನಾನು ಇದೇ ಜಿಲ್ಲೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಿಮಗೊಬ್ಬರಿಗೇ ಬರೆಯದೆ ಎಲ್ಲರಿಗೂ ಕಾಣುವಂತೆ ಬರೆಯಲು ಕಾರಣ ಇದೆ. ನಾನು ಕೇಳುವುದರಲ್ಲಿ ಅರ್ಧ ಕೆಲಸ ನಿಮ್ಮ ಕೈಯಲ್ಲಿದೆ. ಇನ್ನರ್ಧ ನಮ್ಮ ಜನರ ಕೈಯಲ್ಲಿದೆ.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮನೆ ಮುಂದೆ, ಓಣಿಯೊಳಗೆ, ಮೆರವಣಿಗೆಯಲ್ಲಿ ಸದ್ದಿನ ಪಟಾಕಿ ಹೊಡೆಯುವುದನ್ನು ನಾವು ಇನ್ನು ಬಿಡಬೇಕು. ಆಕಾಶದಲ್ಲಿ ಬೆಳಕು ನೋಡುವ ಆಸೆ ಇದ್ದರೆ ಊರಿಗೆಲ್ಲ ಒಂದು ಮೈದಾನ ಇರಲಿ, ಒಂದು ಹೊತ್ತು ಇರಲಿ, ಹಚ್ಚುವ ಕೆಲಸ ತಿಳಿದವರ ಕೈಯಲ್ಲಿರಲಿ. ಹಬ್ಬ ಬೇಡ ಎಂದು ನಾನು ಹೇಳುತ್ತಿಲ್ಲ. ಹಬ್ಬ ನನಗೂ ಬೇಕು, ನನ್ನ ಶಾಲೆಯ ಮಕ್ಕಳಿಗೂ ಬೇಕು.

ಹೊಗೆ ಅಂದರೆ ಏನು ಎಂದು ಕೊಪ್ಪಳದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾರ್ಖಾನೆಗಳ ಪಕ್ಕದ ಗಿಣಿಗೇರಾ, ಹಿರೇಬಗನಾಳ, ಅಲ್ಲಾನಗರದ ಕಡೆ ಹೋದರೆ ಮಾಳಿಗೆ ಮೇಲೆ ಒಣಹಾಕಿದ ಬಟ್ಟೆ, ಹೊಲದ ಬೆಳೆಯ ಎಲೆ, ಕುಡಿಯುವ ನೀರಿನ ಕೊಡದ ಮುಚ್ಚಳ, ಎಲ್ಲದರ ಮೇಲೂ ಕರಿ ಧೂಳು. ದಮ್ಮು ಇರುವವರು ಇಲ್ಲದ ಓಣಿ ಅಲ್ಲಿ ಕಡಿಮೆ. 2025ರ ಫೆಬ್ರವರಿಯಲ್ಲಿ ಊರಿಗೆ ಅಂಟಿಕೊಂಡೇ ಬರಲಿದ್ದ ದೊಡ್ಡ ಉಕ್ಕಿನ ಕಾರ್ಖಾನೆ ಬೇಡ ಎಂದು ಇಡೀ ಕೊಪ್ಪಳ ಬಂದ್ ಮಾಡಿ ಬೀದಿಗೆ ಇಳಿಯಿತು. ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತರು. ವ್ಯಾಪಾರಿಗಳು ತಾವಾಗಿಯೇ ಅಂಗಡಿ ಮುಚ್ಚಿದರು. ಶಾಲೆ ಕಾಲೇಜಿನ ಮಕ್ಕಳು ಬಂದರು. ಹೊಗೆ ನಮಗೆ ಬೇಡ ಎಂದು ಒಂದು ಊರು ಇಷ್ಟು ಒಗ್ಗಟ್ಟಾಗಿ ಹೇಳಿದ್ದು ನಮ್ಮ ರಾಜ್ಯದಲ್ಲಿ ಅಪರೂಪ.

ಅದೇ ಊರು ದೀಪಾವಳಿ ಅಮಾವಾಸ್ಯೆಯ ರಾತ್ರಿ ದುಡ್ಡು ಕೊಟ್ಟು ಹೊಗೆ ತರುತ್ತದೆ. ಲಕ್ಷ್ಮೀ ಪೂಜೆ ಮುಗಿಯುತ್ತಲೇ ಜವಾಹರ ರಸ್ತೆಯಲ್ಲಿ ಅಂಗಡಿ ಅಂಗಡಿ ಮುಂದೆ ಸರ ಪಟಾಕಿ ಹಚ್ಚುತ್ತಾರೆ. ಆ ರಸ್ತೆ ಎಷ್ಟು ಇಕ್ಕಟ್ಟು ಎಂದು ನಿಮಗೇ ಗೊತ್ತು. ಮೇಲೆ ಮನೆ, ಕೆಳಗೆ ಅಂಗಡಿ. ಹೊಗೆ ಹೋಗುವುದಕ್ಕೆ ದಾರಿಯೇ ಇಲ್ಲ. ಆ ತಿಂಗಳಲ್ಲಿ ರಾತ್ರಿ ಗಾಳಿ ತಣ್ಣಗಾಗಿ ನೆಲದ ಹತ್ತಿರವೇ ನಿಲ್ಲುತ್ತದೆ. ಹೊಗೆಯೂ ಅದರ ಜೊತೆ ನಿಲ್ಲುತ್ತದೆ.

"ಕಾರ್ಖಾನೆ ವರ್ಷವಿಡೀ ಉಗುಳುತ್ತದೆ, ನಾವು ಹಚ್ಚುವುದು ಎರಡು ದಿನ, ಅದಕ್ಕೂ ಇದಕ್ಕೂ ಸರಿಸಮ ಮಾಡ್ತೀರಾ?" ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಎರಡೂ ಒಂದೇ ಅಲ್ಲ, ಕಾರ್ಖಾನೆಯ ಹೊಗೆ ಬಹಳ ದೊಡ್ಡದು. ಆದರೆ ದಮ್ಮು ಇರುವ ಮನುಷ್ಯ ವರ್ಷದ ಸರಾಸರಿ ಗಾಳಿ ಕುಡಿಯುವುದಿಲ್ಲ. ಆ ರಾತ್ರಿ ಆ ಓಣಿಯಲ್ಲಿ ಇರುವ ಗಾಳಿಯನ್ನೇ ಕುಡಿಯಬೇಕು. ನನ್ನ ಅಪ್ಪನಿಗೆ ದಮ್ಮು ಇತ್ತು. ಪಾಡ್ಯದ ದಿನ ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಹಸಿ ಟವೆಲ್ ತುರುಕಿ ಕೂರುತ್ತಿದ್ದೆವು. ವರ್ಷವಿಡೀ ಧೂಳು ಕುಡಿದು ಸೋತ ಎದೆಗೆ ಆ ಎರಡು ದಿನ ಹೆಚ್ಚಿನ ಪೆಟ್ಟು. ಕಾರ್ಖಾನೆ ಇರುವ ಊರಿಗೆ ಪಟಾಕಿ ಬೇರೆ ಊರಿಗಿಂತ ಜಾಸ್ತಿ ಕೆಡುಕು ಮಾಡುತ್ತದೆ, ಕಡಿಮೆ ಅಲ್ಲ.

ಇನ್ನೊಂದು ವಿಷಯ ಪಾಲಕರಿಗೆ ಗೊತ್ತಾಗಬೇಕು. ಪುಣೆಯ ಚೆಸ್ಟ್ ರಿಸರ್ಚ್ ಫೌಂಡೇಶನ್ನಿನವರು 2016ರಲ್ಲಿ ನಾವೆಲ್ಲ ಹಚ್ಚುವ ಆರು ಬಗೆಯ ಪಟಾಕಿಗಳನ್ನು ಅಳೆದು ನೋಡಿದರು. ಸರ, ಸುರ್‌ಸುರ್‌ಬತ್ತಿ, ನೆಲಚಕ್ರ, ಹೂಕುಂಡ ಎಲ್ಲವೂ ಅದರಲ್ಲಿದ್ದವು. ಶ್ವಾಸಕೋಶದ ಒಳಗಿನವರೆಗೂ ಇಳಿಯುವ ಸಣ್ಣ ಕಣಗಳನ್ನು ಎಲ್ಲಕ್ಕಿಂತ ಹೆಚ್ಚು ಬಿಟ್ಟದ್ದು ಯಾವುದು ಗೊತ್ತಾ? ಹಾವಿನ ಮಾತ್ರೆ. ಒಂದು ಘನ ಮೀಟರ್ ಗಾಳಿಯಲ್ಲಿ 64 ಸಾವಿರ ಮೈಕ್ರೋಗ್ರಾಮಿಗೂ ಮೇಲೆ. ನಮ್ಮ ದೇಶದಲ್ಲಿ ಇಡೀ ದಿನಕ್ಕೆ ಹಾಕಿಕೊಂಡ ಮಿತಿ 60. ಎರಡನೇ ಸ್ಥಾನ ಸರದ್ದು. ಸದ್ದಿಲ್ಲ, ಕಿಡಿ ಇಲ್ಲ, ಹೆದರಿಕೆ ಇಲ್ಲ ಎಂದು ನಾವು ಮೂರು ವರ್ಷದ ಕೂಸಿನ ಮುಂದೆ ಹಾವಿನ ಮಾತ್ರೆ ಹಚ್ಚುತ್ತೇವೆ. ಕೂಸು ಬಗ್ಗಿ ನೋಡುತ್ತದೆ. ಮುಖ ಹೊಗೆಯ ಮೇಲೇ ಇರುತ್ತದೆ. ಈ ಒಂದು ಮಾತು ಎಲ್ಲಾ ಅಂಗನವಾಡಿಗಳಿಗೆ ಮುಟ್ಟಿದರೂ ಎಷ್ಟೋ ಉಪಕಾರ.

ಸುರ್‌ಸುರ್‌ಬತ್ತಿಯೂ ಹಾಗೆಯೇ. ಅದರ ತುದಿಯ ಬಿಸಿ ಸಾವಿರ ಡಿಗ್ರಿ ಸೆಲ್ಸಿಯಸ್ ಸುತ್ತ ಇರುತ್ತದೆ. ಉರಿದು ಆರಿದ ಕಡ್ಡಿಯನ್ನು ಮಕ್ಕಳು ಅಂಗಳದಲ್ಲಿ ಎಸೆಯುತ್ತಾರೆ, ಇನ್ನೊಂದು ಮಗು ಬರಿಗಾಲಲ್ಲಿ ಅದರ ಮೇಲೆ ಕಾಲಿಡುತ್ತದೆ. ರಜೆ ಮುಗಿದು ಶಾಲೆ ತೆರೆದ ದಿನ ನಾನು ಮಕ್ಕಳ ಕೈಕಾಲು ನೋಡುತ್ತೇನೆ. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಹಚ್ಚಿಕೊಂಡು ಬಂದಿರುತ್ತಾರೆ. ಟೂತ್‌ಪೇಸ್ಟ್ ಬೇಡ, ಶಾಯಿಯೂ ಬೇಡ. ತಣ್ಣನೆಯ ನೀರನ್ನು ಇಪ್ಪತ್ತು ನಿಮಿಷ ಸುರಿಯಬೇಕು, ಆಮೇಲೆ ದವಾಖಾನೆ. ಕಣ್ಣಿಗೆ ಬಡಿದಿದ್ದರೆ ಉಜ್ಜಲೇಬಾರದು.

ಮಾರನೇ ದಿನ ಬೆಳಗ್ಗೆ ಇನ್ನೊಂದು ಅಪಾಯ. ಸಿಡಿಯದೆ ಬಿದ್ದ ಪಟಾಕಿಗಳನ್ನು ಹುಡುಗರು ಆಯುತ್ತಾರೆ. ಬಿಚ್ಚಿ ಮದ್ದು ಕಾಗದಕ್ಕೆ ಸುರಿದು ಕಡ್ಡಿ ಗೀರುತ್ತಾರೆ. ಹೀಗೆ ಆಯುವವರು ಯಾರು? ಪಟಾಕಿ ಕೊಳ್ಳಲು ದುಡ್ಡಿಲ್ಲದ ಮನೆಯ ಮಕ್ಕಳು. ಅದೇ ಕಸವನ್ನು ಗುಡಿಸುವವರು ಪೌರಕಾರ್ಮಿಕರು. ಹಬ್ಬದ ದಿನವೂ ಅವರಿಗೆ ನಸುಕಿನ ಪಾಳಿ ತಪ್ಪುವುದಿಲ್ಲ. ಮದ್ದಿನ ಪುಡಿ ಬೆರೆತ ಕಾಗದದ ರಾಶಿಯನ್ನು ಅವರು ಗುಡಿಸಿ ಎತ್ತಬೇಕು. ನಮ್ಮ ಸಂಭ್ರಮದ ಲೆಕ್ಕದಲ್ಲಿ ಇವರಿಬ್ಬರೂ ಬರುವುದೇ ಇಲ್ಲ.

ಈಗ ಮೊಬೈಲಿನಲ್ಲಿ ನೋಡಿ ಮಾಡುವ ಹೊಸ ಹುಚ್ಚು ಬೇರೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಕಾರ್ಬೈಡ್ ಗನ್ ಎಂಬ ಪೈಪಿನ ಆಟಿಕೆ ಸಿಡಿದು ನೂರಕ್ಕೂ ಹೆಚ್ಚು ಜನರ ಕಣ್ಣಿಗೆ ಪೆಟ್ಟಾಯಿತು. ಅವರಲ್ಲಿ ಬಹಳ ಮಂದಿ ಮಕ್ಕಳು. ಪಿವಿಸಿ ಪೈಪು, ಕಾರ್ಬೈಡ್ ತುಂಡು, ಸ್ವಲ್ಪ ನೀರು, ಅಷ್ಟೇ ಸಾಮಾನು. ಅದು ನಮ್ಮ ಸಂತೆಗೆ ಬರುವ ಮೊದಲೇ ತಡೆಯಬೇಕು.

ಇನ್ನು ಸಂಪ್ರದಾಯದ ಮಾತು. "ಹಿಂದಿನಿಂದ ಬಂದದ್ದನ್ನು ಬಿಡು ಅಂತ ಹೇಳೋಕೆ ನೀವ್ಯಾರು?" ಎಂದು ಕೇಳುತ್ತಾರೆ. ಈ ಮಾತಿಗೆ ಉತ್ತರ ನಮ್ಮ ನೆಲದಲ್ಲೇ ಇದೆ. 1443ರಲ್ಲಿ ಪರ್ಷಿಯಾದ ಕಡೆಯಿಂದ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕ್ ವಿಜಯನಗರದಲ್ಲಿ ಮಹಾನವಮಿ ನೋಡಿದ. ಅಲ್ಲಿನ ಬಾಣಬಿರುಸುಗಳ ಬಗೆಯನ್ನೆಲ್ಲ ಹೇಳುತ್ತಾ ಹೋದರೆ ಮುಗಿಯುವುದಿಲ್ಲ ಎಂಬಂತೆ ಬರೆದಿಟ್ಟ. ಅಂದರೆ ಹೊಳೆಯ ಆಚೆ ಹಂಪಿ, ಈಚೆ ನಮ್ಮ ಆನೆಗೊಂದಿ, ಈ ಸೀಮೆಯಲ್ಲಿ ಮದ್ದಿನ ಬೆಳಕಿಗೆ ಸುಮಾರು ಆರು ನೂರು ವರ್ಷದ ಇತಿಹಾಸ ಇದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ, ನನಗೆ ಅದರ ಬಗ್ಗೆ ಹೆಮ್ಮೆಯೇ ಇದೆ. ಆದರೆ ಅದು ಹೇಗಿತ್ತು ಎಂದು ನೋಡಿ. ಅರಸರ ಹಬ್ಬದಲ್ಲಿ, ಬಲ್ಲವರು ಹಚ್ಚಿ, ಊರೆಲ್ಲ ಸೇರಿ ನೋಡುವ ಆಟ ಅದು. ಮನೆಗೊಂದು ಡಬ್ಬಿ ತಂದು ಓಣಿಯಲ್ಲಿ ಹೊಡೆಯುವ ಪದ್ಧತಿ ಅಲ್ಲ.

ಅದಾದ ಅರವತ್ತು ವರ್ಷಕ್ಕೆ ಇಟಲಿಯ ವರ್ತೆಮಾ ಎಂಬ ಪ್ರವಾಸಿ ಇಲ್ಲಿಗೆ ಬಂದ. ಈ ಜನ ಬಾಣಬಿರುಸು ಮಾಡುವುದರಲ್ಲಿ ಬಹಳ ನಿಪುಣರು ಎಂದು ಅವನೂ ಬರೆದ. ಜೊತೆಗೆ ಇನ್ನೊಂದು ಮಾತು ಸೇರಿಸಿದ. ಯುದ್ಧದ ಆನೆಗಳು ಬೆಂಕಿಗೆ ಎಷ್ಟು ಹೆದರುತ್ತವೆ ಅಂದರೆ, ಒಮ್ಮೆ ಓಟ ಕಿತ್ತರೆ ಅವನ್ನು ಹಿಡಿದು ನಿಲ್ಲಿಸಲು ಆಗುವುದಿಲ್ಲ ಎಂದ. ಯುದ್ಧಕ್ಕೆ ಪಳಗಿಸಿದ ಆನೆಯ ಪಾಡೇ ಇದು. ಹಿತ್ತಿಲಲ್ಲಿ ಕಟ್ಟಿದ ಎತ್ತಿನ ಪಾಡೇನು?

ದೀಪಾವಳಿ ಪಾಡ್ಯ ನಮ್ಮಲ್ಲಿ ದನದ ಹಬ್ಬ. ಕೊಂಬಿಗೆ ಬಣ್ಣ ಬಳಿಯುತ್ತೇವೆ, ಸೆಗಣಿಯ ಪಾಂಡವರನ್ನು ಮಾಡಿ ಚೆಂಡು ಹೂ, ಉತ್ತರಾಣಿ ಕಡ್ಡಿ ಚುಚ್ಚಿ ಹಟ್ಟೆವ್ವನ್ನ ಕೂರಿಸುತ್ತೇವೆ. ಅದೇ ದಿನ ಅದೇ ದನದ ಕಿವಿಯ ಹತ್ತಿರ ಆಟಂಬಾಂಬ್ ಹೊಡೆಯುತ್ತೇವೆ. ಕಣ್ಣಿ ಹರಿದುಕೊಂಡು ಓಡಿದ ಎತ್ತು, ಕಾಲು ಮುರಿದುಕೊಂಡ ಕರು, ಎಲ್ಲ ಹಳ್ಳಿಯಲ್ಲೂ ಒಂದಲ್ಲ ಒಂದು ವರ್ಷ ಕೇಳುವ ಸುದ್ದಿ. ಅದೇ ತಿಂಗಳು ಶೇಂಗಾ ಹೊಟ್ಟು, ಮೆಕ್ಕೆಜೋಳದ ಸೊಪ್ಪೆ ಎಲ್ಲ ಒಣಗಿ ಕಣದಲ್ಲಿ, ಹಿತ್ತಿಲಲ್ಲಿ ಇರುತ್ತದೆ. ಒಂದು ರಾಕೆಟ್ ದಾರಿ ತಪ್ಪಿದರೆ ಬಣವೆ ಸುಟ್ಟು ಬೂದಿ. ಮೇವು ಹೋದರೆ ಬೇಸಿಗೆಯಲ್ಲಿ ದನವನ್ನೇ ಮಾರಬೇಕು. ಮಳೆ ಕಡಿಮೆ ಇರುವ ನಮ್ಮ ತಾಲೂಕುಗಳಲ್ಲಿ ಇದು ಸಣ್ಣ ನಷ್ಟ ಅಲ್ಲ.

ಹಬ್ಬಕ್ಕೆ ಪಟಾಕಿ ಇಲ್ಲದಿದ್ದರೆ ಕಳೆ ಇಲ್ಲ ಅನ್ನುವವರು ಒಮ್ಮೆ ಲಂಬಾಣಿ ತಾಂಡಾಕ್ಕೆ ಹೋಗಿ ನೋಡಬೇಕು. ಅಮಾವಾಸ್ಯೆ ರಾತ್ರಿ ಹೆಣ್ಣುಮಕ್ಕಳು ಕೈಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಎಂಬ ಹಾಡು ಹಾಡುತ್ತಾರೆ. ಮಾರನೇ ದಿನ ಅಡವಿಗೆ ಹೋಗಿ ಹೂ ತರುತ್ತಾರೆ. ಹಾಡು ಕೇಳಬೇಕು ಅಂದರೆ ಸದ್ದು ಇರಬಾರದು. ನೀರು ತುಂಬುವುದು, ಆರತಿ ಬೆಳಗುವುದು, ಅಕ್ಕತಂಗಿಯರು ತವರಿಗೆ ಬರುವುದು, ಹೋಳಿಗೆ ಊಟ, ಇಷ್ಟೆಲ್ಲ ಇರುವ ಹಬ್ಬಕ್ಕೆ ಬಾಂಬಿನ ಸದ್ದು ಸೇರಿದ್ದು ತೀರಾ ಇತ್ತೀಚೆಗೆ. ಶಿವಕಾಶಿಯಿಂದ ಇಬ್ಬರು ಬೆಂಕಿಪೊಟ್ಟಣ ಮಾಡುವುದು ಕಲಿಯಲು ಕಲ್ಕತ್ತಾಕ್ಕೆ ಹೋದದ್ದು 1920ರ ದಶಕದಲ್ಲಿ. ಅಲ್ಲಿ ಪಟಾಕಿ ಕಾರ್ಖಾನೆಗಳು ಬೆಳೆದದ್ದು 1940ರ ನಂತರ. ಮನೆಮನೆಗೆ ಡಬ್ಬಿ ಪಟಾಕಿ ಬಂದದ್ದು ಅದರಿಂದಾಚೆಗೆ. ನಮ್ಮ ಅಜ್ಜಿಯರ ಅಜ್ಜಿಯರು ಇದಿಲ್ಲದೆಯೇ ದೀಪಾವಳಿ ಮಾಡಿದವರು.

ಶಿವಕಾಶಿಯ ಕೂಲಿಯವರ ಹೊಟ್ಟೆಪಾಡು ಏನಾಗಬೇಕು? ಈ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಅದು ನಮ್ಮಂಥದೇ ಒಣ ಸೀಮೆ. ನಮ್ಮ ಕುಷ್ಟಗಿ, ಯಲಬುರ್ಗಾದಿಂದ ಜನ ಗುಳೆ ಹೋಗುತ್ತಾರೆ, ಅಲ್ಲಿಯವರು ಮದ್ದು ಅರೆಯಲು ಹೋಗುತ್ತಾರೆ. 2012ರ ಸೆಪ್ಟೆಂಬರಿನಲ್ಲಿ ಶಿವಕಾಶಿ ಹತ್ತಿರದ ಮುದಲಿಪಟ್ಟಿಯಲ್ಲಿ ಒಂದೇ ಸ್ಫೋಟಕ್ಕೆ ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೂ ಅಲ್ಲಿ ಸಾವು ನಿಂತಿಲ್ಲ. ನಮ್ಮ ರಾಜ್ಯದ ಅತ್ತಿಬೆಲೆಯಲ್ಲಿ 2023ರ ಅಕ್ಟೋಬರ್ 7ರಂದು ಲಾರಿಯಿಂದ ಪಟಾಕಿ ಇಳಿಸುವಾಗ ಬೆಂಕಿ ಹತ್ತಿ ಹನ್ನೆರಡಕ್ಕೂ ಹೆಚ್ಚು ಜನ ಹೋದರು. ಅವರಲ್ಲಿ ಹಬ್ಬದ ಖರ್ಚಿಗೆ ನಾಲ್ಕು ಕಾಸು ಸಿಗಲಿ ಎಂದು ತಮಿಳುನಾಡಿನಿಂದ ಬಂದ ಓದುವ ಹುಡುಗರೂ ಇದ್ದರು. ಅವರಿಗೆ ಕೆಲಸ ಬೇಕು, ನಿಜ. ಆದರೆ ಬಡವರು ಸಾಯುವ ಕೆಲಸವನ್ನು ಅವರ ಉಪಕಾರಕ್ಕೆ ಎಂದು ನಾವು ಉಳಿಸಿಕೊಳ್ಳುವುದು ನ್ಯಾಯ ಅಲ್ಲ. ಶಿವಕಾಶಿ ಕ್ಯಾಲೆಂಡರ್, ನೋಟ್‌ಬುಕ್ ಅಚ್ಚು ಹಾಕುವ ದೊಡ್ಡ ಊರೂ ಹೌದು. ದುಡಿಯುವ ಕೈಗೆ ಬೇರೆ ದಾರಿ ಮಾಡಿಕೊಡುವುದು ಸರ್ಕಾರಗಳ ಕೆಲಸ.

ಅತ್ತಿಬೆಲೆಯ ದುರಂತ ಆದ ಮೇಲೆ ಮುಖ್ಯಮಂತ್ರಿಗಳು ಒಂದು ಮಾತು ಹೇಳಿದ್ದರು. ರಾಜಕೀಯ ಸಭೆ, ಮೆರವಣಿಗೆ, ಮದುವೆ, ಗಣೇಶನ ಮೆರವಣಿಗೆಗಳಲ್ಲಿ ಪಟಾಕಿ ಹೊಡೆಯುವಂತಿಲ್ಲ ಎಂದು. ಜಿಲ್ಲಾಧಿಕಾರಿಗಳೇ, ದೀಪಾವಳಿಗಿಂತ ಮೊದಲು ನೀವು ಹಿಡಿಯಬೇಕಾದದ್ದು ಇದನ್ನು ಎಂದು ನನ್ನ ಅಭಿಪ್ರಾಯ. ಹಬ್ಬ ವರ್ಷಕ್ಕೊಮ್ಮೆ ಬರುತ್ತದೆ. ನಾಯಕರ ಹುಟ್ಟುಹಬ್ಬ, ಚುನಾವಣೆ ಗೆಲುವು, ಮಂತ್ರಿಗಳ ಸ್ವಾಗತ, ಮದುವೆ ಮೆರವಣಿಗೆ, ಕ್ರಿಕೆಟ್ ಗೆಲುವು, ಇವು ವರ್ಷವಿಡೀ ಇವೆ. ದೇವರ ನೆಪವೂ ಇದಕ್ಕಿಲ್ಲ. ಅಶೋಕ ವೃತ್ತದಲ್ಲಿ ನಡುಹಗಲು ಟ್ರಾಫಿಕ್ ನಿಲ್ಲಿಸಿ ಹತ್ತು ಮಾರು ಉದ್ದದ ಸರ ಹಾಸುವವರು ಸಾಮಾನ್ಯವಾಗಿ ಅಧಿಕಾರ ಇರುವವರ ಕಡೆಯವರೇ. ಅವರನ್ನು ಬಿಟ್ಟು ಓಣಿಯ ಹುಡುಗನನ್ನು ಗದರಿಸಿದರೆ ಜನ ನಿಮ್ಮ ಮಾತು ಕೇಳುವುದಿಲ್ಲ.

ಇದರಿಂದಲೇ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. "ಹಿಂದೂ ಹಬ್ಬ ಬಂದಾಗ ಮಾತ್ರ ಇವರಿಗೆ ಪರಿಸರ ನೆನಪಾಗುತ್ತದೆ" ಎಂಬ ಸಿಟ್ಟು ಬಹಳ ಜನರಲ್ಲಿದೆ. ಆ ಸಿಟ್ಟಿಗೆ ಕಾರಣ ಇಲ್ಲ ಎಂದು ನಾನು ಹೇಳಲಾರೆ. ಆದ್ದರಿಂದ ನಿಯಮ ಎಲ್ಲರಿಗೂ ಒಂದೇ ಇರಲಿ. ಉರುಸು, ಹೊಸ ವರ್ಷ, ಕ್ರಿಸ್‌ಮಸ್, ಜಾತ್ರೆ, ಪಕ್ಷದ ಗೆಲುವು, ಯಾವುದಕ್ಕೂ ರಿಯಾಯಿತಿ ಬೇಡ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರ ತೀರ್ಪಿನಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10 ಗಂಟೆ ಎಂದು ಸಮಯ ಕೊಟ್ಟಿತು. ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕೆ ಕೊಟ್ಟದ್ದು ರಾತ್ರಿ 11.55ರಿಂದ 12.30, ಅಂದರೆ ಮೂವತ್ತೈದು ನಿಮಿಷ. ಅದೇ ತೀರ್ಪಿನಲ್ಲಿ ಸರ ಪಟಾಕಿಯನ್ನು, ಬೇರಿಯಂ ಎಂಬ ವಿಷಕಾರಿ ರಾಸಾಯನಿಕ ಹಾಕಿದ ಪಟಾಕಿಯನ್ನು, ಆನ್‌ಲೈನ್ ಮಾರಾಟವನ್ನು ನಿಲ್ಲಿಸಿತು. ಹಸಿರು ಪಟಾಕಿಗೆ ಮಾತ್ರ ಅವಕಾಶ ಎಂದಿತು. ಒಂದು ಜಾಗದಲ್ಲಿ ಎಲ್ಲರೂ ಸೇರಿ ಹಚ್ಚುವ ಪದ್ಧತಿ ಬೆಳೆಸಿ ಎಂದೂ ಹೇಳಿತು. ಈ ಮಾತು ದೆಹಲಿಗಷ್ಟೇ ಅಲ್ಲ, ಇಡೀ ದೇಶಕ್ಕೆ ಎಂದು 2023ರಲ್ಲಿ ಮತ್ತೆ ಸ್ಪಷ್ಟ ಮಾಡಿತು. ಹೀಗಿದ್ದೂ ನಮ್ಮ ಅಂಗಡಿಗಳಲ್ಲಿ ಸಾವಿರದ ಸರ, ಐದು ಸಾವಿರದ ಸರ ಕಣ್ಣಿಗೆ ಕಾಣುವಂತೆ ತೂಗುಹಾಕಿರುತ್ತಾರೆ.

ಹಸಿರು ಪಟಾಕಿ ಬಗ್ಗೆಯೂ ಒಂದು ಮಾತು. ನಾಗಪುರದ ನೀರಿ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರು ರೂಪಿಸಿದ ಈ ಪಟಾಕಿ ಹೊಗೆಯ ಕಣಗಳನ್ನು ಸುಮಾರು ನೂರಕ್ಕೆ ಮೂವತ್ತರಷ್ಟು ಕಡಿಮೆ ಮಾಡುತ್ತದೆ. ಉಳಿದ ಎಪ್ಪತ್ತು ಹಾಗೇ ಇರುತ್ತದೆ. ಡಬ್ಬಿ ಮೇಲೆ ಕ್ಯೂಆರ್ ಕೋಡ್ ಇರಬೇಕು. ಬರೀ ಹಸಿರು ಬಣ್ಣದ ಚೀಟಿ ಅಂಟಿಸಿದರೆ ಅದು ಹಸಿರು ಪಟಾಕಿ ಆಗುವುದಿಲ್ಲ. ಹಬ್ಬಕ್ಕೆ ಮೊದಲು ನಿಮ್ಮ ಸಿಬ್ಬಂದಿ ಅಂಗಡಿಗೆ ಹೋಗಿ ಆ ಕೋಡನ್ನು ಮೊಬೈಲಿನಲ್ಲಿ ನೋಡಲಿ. ತಪಾಸಣೆ ಅಂಗಡಿಯಲ್ಲಿ ಆಗಬೇಕು. ಮಾರಾಟ ಆಗಿ ಮನೆಗೆ ಹೋದ ಮೇಲೆ ಯಾವ ಪೊಲೀಸರಿಗೂ ಹಿಡಿಯಲು ಸಾಧ್ಯ ಇಲ್ಲ.

ಅಂಗಡಿ ಹೇಗಿರಬೇಕು ಎಂದು 2008ರ ಸ್ಫೋಟಕ ನಿಯಮಗಳಲ್ಲೇ ಬರೆದಿದೆ. ಬೆಂಕಿ ಹತ್ತದ ಸಾಮಾನಿನಿಂದ ಕಟ್ಟಿರಬೇಕು. ಒಂದಕ್ಕೊಂದು ಕನಿಷ್ಠ 3 ಮೀಟರ್ ದೂರ ಇರಬೇಕು, ಎದುರುಬದುರು ಇರಬಾರದು. ಮನೆ, ಶಾಲೆಯಂಥ ಕಟ್ಟಡದಿಂದ 50 ಮೀಟರ್ ದೂರ ಇರಬೇಕು. ಶಾಮಿಯಾನ ಬಟ್ಟೆ ಕಟ್ಟಿ ಸಾಲಾಗಿ ಮೈಗೆ ಮೈ ತಾಗಿಸಿ ಕೂರಿಸಿದ ಅಂಗಡಿಗೆ ದಯವಿಟ್ಟು ಸಹಿ ಹಾಕಬೇಡಿ. ಆಸ್ಪತ್ರೆ, ಶಾಲೆಯ ಸುತ್ತ 100 ಮೀಟರ್ ಪಟಾಕಿ ಸದ್ದು ಆಗುವಂತಿಲ್ಲ, ಮೇಲೆ ಹೇಳಿದ ಕ್ರಿಸ್‌ಮಸ್, ಹೊಸ ವರ್ಷದ ಮೂವತ್ತೈದು ನಿಮಿಷ ಬಿಟ್ಟರೆ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಎಲ್ಲೂ ಆಗುವಂತಿಲ್ಲ. ಈ ನಿಯಮವೂ ಇದೆ. ಜಿಲ್ಲಾ ಆಸ್ಪತ್ರೆಯ ಮುಂದೆ ಬಾಣಂತಿಯರು, ಹಸುಗೂಸುಗಳು ಇರುವ ಕಡೆಗೆ ಕೇಳುವಂತೆ ಮದುವೆ ಮೆರವಣಿಗೆ ನಿಲ್ಲಿಸಿ ಬಾಂಬ್ ಹೊಡೆಯುವುದು ನಿಲ್ಲಬೇಕು. ಇದಕ್ಕೆ ಹೊಸ ಕಾನೂನು ಬೇಡ. ಕಲ್ಯಾಣ ಮಂಟಪದವರನ್ನೂ ಬ್ಯಾಂಡಿನವರನ್ನೂ ಕರೆದು ಒಮ್ಮೆ ಹೇಳಿದರೆ ಬಹಳಷ್ಟು ನಿಲ್ಲುತ್ತದೆ.

ಆಮೇಲೆ ನನ್ನ ಮುಖ್ಯ ಬೇಡಿಕೆ. ಕೊಪ್ಪಳದಲ್ಲಿ ಜಿಲ್ಲಾ ಕ್ರೀಡಾಂಗಣ ಇದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಮೈದಾನಗಳಿವೆ. ಹಬ್ಬದ ಒಂದು ಸಂಜೆ, 8ಕ್ಕೆ ಶುರು ಮಾಡಿ ಅರ್ಧ ಗಂಟೆ, ಬೆಳಕಿನ ಬಾಣಬಿರುಸು ಮಾತ್ರ. ಹಚ್ಚುವವರು ಲೈಸೆನ್ಸ್ ಇರುವವರು. ಪಕ್ಕದಲ್ಲಿ ಅಗ್ನಿಶಾಮಕ ವಾಹನ. ಜನ ದೂರದಲ್ಲಿ ಕೂತು ನೋಡಲಿ. ಪಟಾಕಿ ಕೊಳ್ಳಲು ಆಗದ ಮನೆಯ ಮಗುವೂ ಕೊಂಡವರ ಮಗುವಿನ ಪಕ್ಕದಲ್ಲೇ ಕೂತು ಅದೇ ಬೆಳಕು ನೋಡುತ್ತದೆ. ನನಗೆ ಈ ಯೋಚನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಇದೇ. ಖರ್ಚಿಗೆ ವ್ಯಾಪಾರಿಗಳ ಸಂಘದವರು ಮುಂದೆ ಬರಬಹುದು. ಅಂಗಡಿ ಮುಂದೆ ಸುಡುವ ದುಡ್ಡಿನಲ್ಲಿ ಅರ್ಧ ಕೊಟ್ಟರೂ ಸಾಕು.

ಊರಿನ ಹಿರಿಯರೇ, ಅಕ್ಕಂದಿರೇ, ತಮ್ಮಂದಿರೇ, ದಂಡ ಹಾಕಿ ಮಾಡಿಸುವ ಕೆಲಸ ಇದಲ್ಲ. ತಮಿಳುನಾಡಿನ ಶಿವಗಂಗಾ ಜಿಲ್ಲೆಯಲ್ಲಿ ಕೊಳ್ಳುಕುಡಿಪಟ್ಟಿ ಎಂಬ ಹಳ್ಳಿ ಇದೆ. ಕೆರೆಗೆ ಬರುವ ಹಕ್ಕಿಗಳು ಹೆದರುತ್ತವೆ ಎಂದು ಆ ಜನ ದಶಕಗಳಿಂದ ಪಟಾಕಿ ಹೊಡೆಯುತ್ತಿಲ್ಲ. ಯಾರೂ ಅವರಿಗೆ ಆದೇಶ ಕೊಡಲಿಲ್ಲ. ನಮ್ಮಲ್ಲೂ ಅಂಥ ಶಕ್ತಿ ಇದೆ. 2019ರಲ್ಲಿ ಗವಿಮಠದ ಸ್ವಾಮೀಜಿ ಕರೆದರು ಎಂದು ಹಿರೇಹಳ್ಳ ಸ್ವಚ್ಛ ಮಾಡಲು ಹಳ್ಳಿ ಹಳ್ಳಿಯಿಂದ ಜನ ಸಲಿಕೆ ಹಿಡಿದು ಬಂದರು. ಗವಿಮಠದ ಜಾತ್ರೆಗೆ ಮೊದಲು ನೀರು, ಗಿಡ, ರಕ್ತದಾನ ಎಂದು ಮಕ್ಕಳ ಜಾಥಾ ನಡೆಯುತ್ತದೆ. ಒಂದು ವರ್ಷ ಸದ್ದಿಲ್ಲದ ಹಬ್ಬದ ಹೆಸರಿನಲ್ಲೂ ಆ ಜಾಥಾ ನಡೆಯಲಿ ಎಂದು ಮಠಕ್ಕೂ ಈ ಮೂಲಕ ವಿನಂತಿ ಮಾಡಿಕೊಳ್ಳುತ್ತೇನೆ.

ಜಿಲ್ಲಾಧಿಕಾರಿಗಳೇ, ಪರವಾನಗಿ ಕೊಡುವ ಮೊದಲು ಒಂದು ಸಭೆ ಕರೆಯಿರಿ. ಅಂಗಡಿಯವರು, ಪೊಲೀಸರು, ಅಗ್ನಿಶಾಮಕದವರು, ಎಲ್ಲ ಪಕ್ಷದವರು, ದೇವಸ್ಥಾನ ಮತ್ತು ದರ್ಗಾ ಸಮಿತಿಯವರು ಬರಲಿ. ಪೌರಕಾರ್ಮಿಕರೂ ಇರಲಿ. ಮೈದಾನ ಯಾವುದು, ಹೊತ್ತು ಯಾವುದು ಎಂದು ಅಲ್ಲೇ ತೀರ್ಮಾನ ಆಗಲಿ. ದಸರಾ ರಜೆ ಮುಗಿದು ಶಾಲೆ ತೆರೆಯುವಷ್ಟರಲ್ಲಿ ಆ ತೀರ್ಮಾನ ನಮ್ಮ ಕೈ ಸೇರಿದರೆ, ಪಾಲಕರ ಸಭೆ ಕರೆದು ಮನೆಮನೆಗೆ ಮುಟ್ಟಿಸುವ ಕೆಲಸ ಶಿಕ್ಷಕರಾದ ನಾವು ಮಾಡುತ್ತೇವೆ.

ಇಂತಿ ನಮಸ್ಕಾರಗಳೊಂದಿಗೆ,
ಕೊಪ್ಪಳ ಜಿಲ್ಲೆಯ ಒಬ್ಬ ಶಾಲಾ ಶಿಕ್ಷಕಿ